ಹಂಡೆಗಿದ್ದ ಆರೈಕೆ ಗೀಸರಿಗೂ ಇರಲಿ



ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಮನೆಭೇಟಿಗೆಂದು ಹೊರಟಿದ್ದಾಗ ನಮ್ಮ ಧರ್ಮಕೇಂದ್ರದ ಒಂದು ಮನೆಯಲ್ಲಿ ನಡೆದ ಮಾತುಕತೆಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ, ವಾಳೆಯೂ ಬೇಡ. ಅಡಿಕೆ, ತೆಂಗು, ಒಂದಿಷ್ಟು ಕರಿಮೆಣಸು ಇರುವ ನಮ್ಮೆಲ್ಲರಂಥ ಒಂದು ಕೃಷಿಕ ಕುಟುಂಬ ಎಂದಷ್ಟೇ ತಿಳಿಯಿರಿ.

ಚಹಾ ಕುಡಿದು ಏಳುವ ಹೊತ್ತಿಗೆ ಆ ಮನೆಯ ಅಜ್ಜಿ ನಗುತ್ತಾ, "ಫಾದರ್, ನಮ್ಮ ಬಚ್ಚಲಿನ ನಳ್ಳಿಗೆ ಈಗ ಜೀವ ಬಂದಿದೆ. ಮುಟ್ಟಿದರೆ ಕೈ ಜುಂ ಅಂತದೆ" ಎಂದರು. ಸೊಸೆಯೂ ನಕ್ಕು, "ಅದಕ್ಕೇ ನಾವು ರಬ್ಬರ್ ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡುವುದು ಫಾದರ್. ಒಂದು ತಿಂಗಳಾಯಿತು" ಎಂದರು. ನನಗೆ ನಗು ಬರಲಿಲ್ಲ. ಬಚ್ಚಲಿಗೆ ಹೋಗಿ ಗೀಸರಿನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ವಯರ್‌ಮ್ಯಾನ್ ಬಂದು ನೋಡುವ ತನಕ ಇದನ್ನು ಯಾರೂ ಹಾಕಕೂಡದು ಎಂದು ಹೇಳಿ ಬಂದೆ.

ಮರುದಿನ ವಯರ್‌ಮ್ಯಾನ್ ಬಿಚ್ಚಿ ನೋಡಿದಾಗ ಎರಡು ವಿಷಯ ಗೊತ್ತಾಯಿತು. ನೀರು ಕಾಯಿಸುವ ಕಾಯಿಲಿನ ಮೇಲ್ಕವಚ ಸೀಳಿತ್ತು. ಪ್ಲಗ್ಗಿನ ಒಳಗೆ ಅರ್ತ್ ವಯರನ್ನು ಜೋಡಿಸಿಯೇ ಇರಲಿಲ್ಲ. ತುದಿ ಕತ್ತರಿಸಿ ಬಿಟ್ಟಿದ್ದರು. ಮೊದಲ ದೋಷದಿಂದ ಕರೆಂಟು ನೀರಿಗೆ ಇಳಿಯಿತು. ಎರಡನೆಯ ದೋಷದಿಂದ ಅದಕ್ಕೆ ಭೂಮಿಗೆ ಹೋಗಲು ದಾರಿ ಇಲ್ಲದೆ ನಳ್ಳಿಯಲ್ಲಿ ಕಾದು ನಿಂತಿತು. ಮೊಮ್ಮಕ್ಕಳಲ್ಲಿ ಯಾರಾದರೂ ಒಂದು ದಿನ ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ಆ ನಳ್ಳಿಯನ್ನು ಬಿಗಿಯಾಗಿ ಹಿಡಿದಿದ್ದರೆ ಏನಾಗಬಹುದಿತ್ತು ಎಂದು ಹೇಳಬೇಕಾಗಿಲ್ಲ.

"ಎಷ್ಟು ವರ್ಷದ ಗೀಸರು?" ಎಂದು ಯಜಮಾನರನ್ನು ಕೇಳಿದೆ. "ಎಂಟು ವರ್ಷ ಆಯಿತು ಫಾದರ್. ತಂದ ಮೇಲೆ ಒಂದು ದಿನವೂ ಹಾಳಾಗಲಿಲ್ಲ. ಹಾಗಾಗಿ ಯಾರೂ ಮುಟ್ಟಲಿಲ್ಲ" ಎಂದರು.

ಈ ಕೊನೆಯ ಮಾತಿನಲ್ಲೇ ಇಂದಿನ ಪಾಠವಿದೆ. ನೀರು ಬಿಸಿಯಾಗಿ ಬರುತ್ತಿದೆ ಎಂದ ಮಾತ್ರಕ್ಕೆ ಯಂತ್ರ ಚೆನ್ನಾಗಿದೆ ಎಂದು ಅರ್ಥವಲ್ಲ.

ಹಂಡೆಯ ಕಾಲದಲ್ಲಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಬಚ್ಚಲಿನಲ್ಲಿ ತಾಮ್ರದ ಹಂಡೆ ಇತ್ತು. ಕೆಳಗೆ ಒಲೆ. ಅಡಿಕೆ ಸಿಪ್ಪೆ, ತೆಂಗಿನ ಮಡಲು, ಗೆರಟೆ, ತೋಟದಲ್ಲಿ ಬಿದ್ದ ಕಸಕಡ್ಡಿ ಇವೇ ಉರುವಲು. ಶನಿವಾರ ಬಂತೆಂದರೆ ತಾಯಿ ಹಂಡೆಯ ನೀರನ್ನೆಲ್ಲಾ ತೆಗೆದು, ಹುಣಸೆಹಣ್ಣು ಮತ್ತು ಬೂದಿ ಹಾಕಿ ಒಳಗೂ ಹೊರಗೂ ತಿಕ್ಕುತ್ತಿದ್ದರು. ತಳದ ಮಸಿ ಕೆರೆಯುತ್ತಿದ್ದರು. ಮಸಿ ದಪ್ಪವಾದರೆ ನೀರು ಕಾಯಲು ತಡವಾಗುತ್ತದೆ, ಸೌದೆ ಹೆಚ್ಚು ಬೇಕಾಗುತ್ತದೆ ಎಂದು ಅವರಿಗೆ ಯಾರೂ ಶಾಲೆಯಲ್ಲಿ ಕಲಿಸಿರಲಿಲ್ಲ. ಹಂಡೆ ಎಲ್ಲಿಯಾದರೂ ತೂತಾದರೆ ಒಲೆಯ ಬೆಂಕಿ ಚುಂಯ್ ಎಂದು ತಾನೇ ಹೇಳುತ್ತಿತ್ತು.

ಈಗ ಹೆಚ್ಚಿನ ಮನೆಗಳಲ್ಲಿ ಗೋಡೆಯ ಮೇಲೆ ಬಿಳಿ ಪೆಟ್ಟಿಗೆಯೊಂದು ನೇತಾಡುತ್ತದೆ. ಒಲೆ ಊದುವ ಕಷ್ಟ ತಪ್ಪಿತು, ಹೊಗೆ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಒಳಗೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ. ಕಾಣದ್ದನ್ನು ನಾವು ಮರೆಯುತ್ತೇವೆ. ಮದ್ದು ಬಿಡುವ ಪಂಪನ್ನು ಕೆಲಸ ಮುಗಿದ ಸಂಜೆಯೇ ತೊಳೆದಿಡುವ ನಾವು, ಬಾವಿಯ ಪಂಪಿನ ವಾಶರ್ ಸವೆದರೆ ಅದೇ ದಿನ ಪೇಟೆಗೆ ಓಡುವ ನಾವು, ದಿನಾ ಮಕ್ಕಳನ್ನು ಮೀಯಿಸುವ ಈ ಯಂತ್ರವನ್ನು ಮಾತ್ರ ಹತ್ತು ವರ್ಷ ತೆರೆದು ನೋಡುವುದಿಲ್ಲ.

ಪೆಟ್ಟಿಗೆಯ ಒಳಗೆ ಏನಿದೆ?

ಗೀಸರಿನ ಒಳಗೆ ಉಕ್ಕಿನ ಒಂದು ಟ್ಯಾಂಕಿ ಇದೆ. ಮನೆಗಳಲ್ಲಿ ಸಾಮಾನ್ಯವಾಗಿ 10, 15 ಅಥವಾ 25 ಲೀಟರಿನದು. ಟ್ಯಾಂಕಿಯ ಸುತ್ತ ಬಿಸಿ ಹೊರಹೋಗದಂತೆ ತಡೆಯುವ ಹೊದಿಕೆ. ಒಳಗೆ ನೀರು ಕಾಯಿಸುವ ಕಾಯಿಲು. ಹೆಚ್ಚಿನವು 2000 ವಾಟಿನವು. ನೀರು ನಿಗದಿತ ಬಿಸಿಗೆ ಬಂದಾಗ ಕರೆಂಟು ಕಡಿಯುವ ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಕೈಕೊಟ್ಟರೆ ಕರೆಂಟು ಕಡಿಯಲು ಇನ್ನೊಂದು ಕಾವಲು, ಅದಕ್ಕೆ ಕಟ್‌ಔಟ್ ಎನ್ನುತ್ತಾರೆ. ತಣ್ಣೀರು ಒಳಬರುವ ಕೊಳವೆಯಲ್ಲಿ ಒಂದು ಸೇಫ್ಟಿ ವಾಲ್ವ್. ಇವುಗಳ ಜೊತೆಗೆ, ಬಹಳ ಜನರಿಗೆ ಗೊತ್ತೇ ಇಲ್ಲದ ಒಂದು ವಸ್ತು: ಆನೋಡ್ ಎಂಬ ಮೆಗ್ನೀಷಿಯಮ್ ಸರಳು.

ಒಂದು ಲೆಕ್ಕ ನೋಡಿ. 26 ಡಿಗ್ರಿ ಸೆಲ್ಸಿಯಸ್‌ನ 15 ಲೀಟರ್ ನೀರನ್ನು 60 ಡಿಗ್ರಿಗೆ ಏರಿಸಲು ಸುಮಾರು 0.6 ಯೂನಿಟ್ ಕರೆಂಟು ಬೇಕು. 2000 ವಾಟಿನ ಕಾಯಿಲು ಇದನ್ನು ಸುಮಾರು 18 ನಿಮಿಷದಲ್ಲಿ ಮಾಡಿ ಮುಗಿಸಬೇಕು. ನಿಮ್ಮ ಗೀಸರಿನ ದೀಪ ಆರಲು ಇದಕ್ಕಿಂತ ತುಂಬಾ ಹೆಚ್ಚು ಹೊತ್ತು ಬೇಕಾಗುತ್ತಿದ್ದರೆ, ಅಥವಾ ನೀರು ಕಾಯುವಾಗ ಒಳಗಿನಿಂದ ಪಟಪಟ ಸದ್ದು ಬರುತ್ತಿದ್ದರೆ, ಯಂತ್ರ ತನ್ನ ಕಷ್ಟವನ್ನು ಹೇಳಿಕೊಳ್ಳುತ್ತಿದೆ ಎಂದು ತಿಳಿಯಿರಿ.

ನಮ್ಮ ನೀರಿನ ಗುಣ

ಗೀಸರು ಎಷ್ಟು ವರ್ಷ ಬಾಳುತ್ತದೆ ಎಂಬುದು ಕಂಪೆನಿಯ ಹೆಸರಿಗಿಂತ ಹೆಚ್ಚಾಗಿ ನಮ್ಮ ನೀರನ್ನು ಹೊಂದಿಕೊಂಡಿದೆ. ಕಾಸರಗೋಡಿನ ಈ ಭಾಗದಲ್ಲಿ ಒಂದೇ ವಾಳೆಯ ಒಳಗೆ ಮೂರು ನಾಲ್ಕು ಬಗೆಯ ನೀರಿದೆ.

ಮುರಕಲ್ಲಿನ ನೆಲದ ಬಾವಿಯ ಮತ್ತು ಸುರಂಗದ ನೀರು ಸಾಮಾನ್ಯವಾಗಿ ಮೃದು. ಸಾಬೂನು ಚೆನ್ನಾಗಿ ನೊರೆ ಬರುತ್ತದೆ. ಆದರೆ ಇದು ತುಸು ಆಮ್ಲಗುಣದ್ದು. ಇಂಥ ನೀರು ಕಾಯಿಲಿನ ಮೇಲೆ ಬಿಳಿ ಪದರ ಕಟ್ಟುವುದಿಲ್ಲ. ಬದಲಿಗೆ ಲೋಹವನ್ನೇ ಮೆಲ್ಲಗೆ ತಿನ್ನುತ್ತದೆ.

ಆಳದ ಕೊಳವೆಬಾವಿಯ ನೀರು ಕೆಲವು ಕಡೆ ಗಡಸು. ಸಾಬೂನು ನೊರೆ ಬರುವುದಿಲ್ಲ, ನೀರು ಕಾಯಿಸಿದ ಪಾತ್ರೆಯ ಒಳಗೆ ಬಿಳಿ ಪುಡಿ ಕೂರುತ್ತದೆ. ಕೆಲವು ಕೊಳವೆಬಾವಿಗಳಲ್ಲಿ ಕಬ್ಬಿಣದ ಅಂಶವಿದೆ. ಪಂಪಿನಿಂದ ಬರುವಾಗ ತಿಳಿಯಾಗಿದ್ದ ನೀರು ಬಕೆಟಿನಲ್ಲಿ ರಾತ್ರಿ ಇಟ್ಟರೆ ಬೆಳಗ್ಗೆ ಕೆಂಪಾಗಿರುತ್ತದೆ. ಗಡಸು ನೀರಿನ ಸುಣ್ಣದ ಅಂಶ ಕಾಯಿಲಿನ ಮೇಲೆ ಪದರ ಪದರವಾಗಿ ಕೂರುತ್ತದೆ, ಹಂಡೆಯ ಮಸಿಯ ಹಾಗೆಯೇ. ಒಳಗಿನ ಬಿಸಿ ನೀರಿಗೆ ದಾಟಲಾರದೆ ಕಾಯಿಲು ತನ್ನ ಬಿಸಿಯಲ್ಲಿ ತಾನೇ ಬೆಂದು ಕೊನೆಗೆ ಸೀಳುತ್ತದೆ. ಮೇಲೆ ಹೇಳಿದ ಮನೆಯಲ್ಲಿ ಆದದ್ದು ಇದೇ.

ಇನ್ನು ಹೊಳೆಬಾಗಿಲಿನ, ಕಡಲ ಹತ್ತಿರದ ಮನೆಗಳು. ಬೇಸಿಗೆಯಲ್ಲಿ ಹೊಳೆಯ ಹರಿವು ತಗ್ಗಿದಾಗ ಉಪ್ಪುನೀರು ಒಳಗೆ ಏರುತ್ತದೆ, ಬಾವಿಯ ನೀರು ಉಪ್ಪಾಗುತ್ತದೆ. ಉಪ್ಪುನೀರು ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ. ಸೂಜಿಮೊನೆಯಷ್ಟು ಸಣ್ಣ ತೂತುಗಳನ್ನು ಕೊರೆಯುತ್ತದೆ.

ನಿಮ್ಮದು ಯಾವ ನೀರು ಎಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನೋಡಲು ತಂದ ಪಿ.ಎಚ್. ಕಾಗದದ ಒಂದು ಚೂರನ್ನು ಬಾವಿಯ ನೀರಿಗೂ ಅದ್ದಿ ನೋಡಿ. 7ಕ್ಕಿಂತ ಕೆಳಗೆ ತೋರಿಸಿದರೆ ನೀರು ಆಮ್ಲದ ಕಡೆ. ಆಗ ನಿಮ್ಮ ಗೀಸರಿನ ಆನೋಡಿಗೆ ಕೆಲಸ ಹೆಚ್ಚು.

ಬೋರ್ಡೋ ದ್ರಾವಣ ಕಲಿಸುವ ಪಾಠ

ಈ ಆನೋಡ್ ಎಂದರೇನು? ಅಡಿಕೆ ಕೃಷಿಕರಿಗೆ ಇದನ್ನು ವಿವರಿಸುವುದು ಸುಲಭ.

ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವಾಗ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಾಡಿದ ಮೇಲೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯುತ್ತಿದ್ದರು. ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು ಎಂದು ಅರ್ಥ. ಆ ಕೆಂಪು ಏನು? ದ್ರಾವಣದಲ್ಲಿ ಉಳಿದಿದ್ದ ತಾಮ್ರ. ತಾಮ್ರ ಬಂದು ಕೂರಬೇಕಾದರೆ ಅಲಗಿನ ಕಬ್ಬಿಣ ಅಷ್ಟೇ ಲೆಕ್ಕದಲ್ಲಿ ಕರಗಿ ನೀರಿಗೆ ಹೋಗಬೇಕು. ಎಂದರೆ, ಎರಡು ಲೋಹಗಳ ನಡುವೆ ಬೇಗ ಕರಗುವ ಗುಣದ್ದು ಕರಗುತ್ತದೆ, ಇನ್ನೊಂದು ಉಳಿಯುತ್ತದೆ.

ಮೆಗ್ನೀಷಿಯಮ್ ಕಬ್ಬಿಣಕ್ಕಿಂತಲೂ ಬೇಗ ಕರಗುವ ಲೋಹ. ಗೀಸರಿನ ಟ್ಯಾಂಕಿಯ ಒಳಗೆ ಅದರ ಒಂದು ಸರಳನ್ನು ಇಟ್ಟರೆ ನೀರು ಮೊದಲು ಅದನ್ನು ತಿನ್ನುತ್ತದೆ. ಅದು ಇರುವ ತನಕ ಟ್ಯಾಂಕಿಯ ಉಕ್ಕಿಗೆ ರಕ್ಷಣೆ. ಇದು ಹಳೆಯ ಉಪಾಯ. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಇಂಗ್ಲೆಂಡಿನ ನೌಕಾಪಡೆಯ ಹಡಗುಗಳ ತಾಮ್ರದ ತಗಡನ್ನು ಉಪ್ಪುನೀರಿನಿಂದ ಉಳಿಸಲು ಸತು ಮತ್ತು ಕಬ್ಬಿಣದ ತುಂಡುಗಳನ್ನು ಜೋಡಿಸಿ ತೋರಿಸಿದ್ದರು.

ಆದರೆ ಸರಳು ಕರಗಿ ಮುಗಿದ ಮರುದಿನದಿಂದ ನೀರು ಟ್ಯಾಂಕಿಯನ್ನೇ ತಿನ್ನಲು ಆರಂಭಿಸುತ್ತದೆ. ನಮಗೆ ಹೊರಗೆ ಏನೂ ಕಾಣುವುದಿಲ್ಲ. ಒಂದೆರಡು ವರ್ಷ ಕಳೆದು ಒಂದು ಬೆಳಗ್ಗೆ ಪೆಟ್ಟಿಗೆಯ ಅಡಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತದೆ. ಆಗ ಟ್ಯಾಂಕಿಯನ್ನು ರಿಪೇರಿ ಮಾಡಲು ಆಗುವುದಿಲ್ಲ. ಹೊಸ ಗೀಸರೇ ಬೇಕು. ಸರಳಿಗೆ ಆಗುವ ಖರ್ಚು ಹೊಸ ಗೀಸರಿನ ಖರ್ಚಿನ ಒಂದು ಸಣ್ಣ ಪಾಲು ಮಾತ್ರ. ಸರಳು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ, ಅಥವಾ ಅದರ ನಡುವಿನ ತಂತಿ ಕಾಣುತ್ತಿದ್ದರೆ ಬದಲಿಸಿ. ತಾಮ್ರದ ಮತ್ತು ಕೆಲವು ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿಗಳಲ್ಲಿ ಈ ಸರಳು ಇರುವುದಿಲ್ಲ. ನಿಮ್ಮದರಲ್ಲಿ ಇದೆಯೇ ಎಂದು ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲಿ ನೋಡಿ.

ತೊಟ್ಟಿಕ್ಕುವ ವಾಲ್ವನ್ನು ಮುಚ್ಚಬೇಡಿ

ನೀರು ಬಿಸಿಯಾದರೆ ಹಿಗ್ಗುತ್ತದೆ. 15 ಲೀಟರ್ ನೀರು ತಣ್ಣಗಿರುವಲ್ಲಿಂದ 65 ಡಿಗ್ರಿಗೆ ಬರುವಾಗ ಸುಮಾರು ಕಾಲು ಲೀಟರಿನಷ್ಟು ಹೆಚ್ಚಾಗುತ್ತದೆ. ನಳ್ಳಿ ಮುಚ್ಚಿದೆ, ಒಳಬರುವ ದಾರಿಯಲ್ಲಿ ನೀರು ಹಿಂದೆ ಹೋಗದಂತೆ ತಡೆ ಇದೆ. ಈ ಕಾಲು ಲೀಟರ್ ಎಲ್ಲಿಗೆ ಹೋಗಬೇಕು? ಅದಕ್ಕಾಗಿಯೇ ಸೇಫ್ಟಿ ವಾಲ್ವಿನ ಸಣ್ಣ ಬಾಯಿ. ನೀರು ಕಾಯುವಾಗ ಅಲ್ಲಿಂದ ನಾಲ್ಕು ಹನಿ ಬೀಳುವುದು ದೋಷವಲ್ಲ. ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಗೀಸರು ಆರಿ ತಣ್ಣಗಾದ ಮೇಲೂ ಹನಿ ನಿಲ್ಲದಿದ್ದರೆ ಮಾತ್ರ ವಾಲ್ವ್ ಬದಲಿಸಬೇಕು.

ನಮ್ಮ ಕೆಲವು ಮನೆಗಳಲ್ಲಿ ನೆಲ ಒದ್ದೆಯಾಗುತ್ತದೆ ಎಂದು ಈ ಬಾಯಿಗೆ ಕಡ್ಡಿ ತುರುಕಿದ್ದನ್ನೂ, ಎಂಸೀಲ್ ಮೆತ್ತಿದ್ದನ್ನೂ ಕಂಡಿದ್ದೇನೆ. ಇದು ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವನ್ನು ಬೆಸೆದು ಮುಚ್ಚಿದ ಹಾಗೆ. ಥರ್ಮೋಸ್ಟಾಟ್, ಕಟ್‌ಔಟ್ ಎರಡೂ ಕೈಕೊಟ್ಟ ದಿನ ಒಳಗಿನ ನೀರು 100 ಡಿಗ್ರಿಯನ್ನು ದಾಟುತ್ತದೆ. ಟ್ಯಾಂಕಿ ಬಿರಿದ ಕ್ಷಣ ಆ ನೀರಿನ ಒಂದು ಪಾಲು ಒಮ್ಮೆಲೇ ಆವಿಯಾಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸಾವಿರದ ಆರುನೂರು ಲೀಟರಿಗೂ ಮಿಕ್ಕಿ ಜಾಗ ಬೇಡುತ್ತದೆ. ಗೋಡೆ ಒಡೆದುಹೋಗಲು ಅದು ಸಾಕು. ನೆಲ ಒದ್ದೆಯಾಗುವುದು ಬೇಡವಾದರೆ ವಾಲ್ವಿನ ಬಾಯಿಗೆ ಸಣ್ಣ ಕೊಳವೆ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ಮುಚ್ಚದೆ ಮೋರಿಗೆ ಬಿಡಿ.

ಇನ್ನೊಂದು ಮಾತು. ನಮ್ಮಲ್ಲಿ ಹಲವರ ನೀರಿನ ಟ್ಯಾಂಕಿ ಮನೆಯ ತಾರಸಿಯಲ್ಲಿಲ್ಲ, ತೋಟದ ಮೇಲಿನ ಗುಡ್ಡದಲ್ಲಿದೆ. ಎತ್ತರ 10 ಮೀಟರ್ ಹೆಚ್ಚಾದಂತೆ ನೀರಿನ ಒತ್ತಡ ಸುಮಾರು 1 ಬಾರ್ ಹೆಚ್ಚುತ್ತದೆ. ಟ್ಯಾಂಕಿ ಮನೆಗಿಂತ 40 ಮೀಟರ್ ಮೇಲಿದ್ದರೆ ಗೀಸರಿನ ಮೇಲೆ ಹಗಲೂ ರಾತ್ರಿ 4 ಬಾರ್ ಒತ್ತಡವಿರುತ್ತದೆ. ಯಂತ್ರದ ಪಟ್ಟಿಯಲ್ಲಿ ಎಷ್ಟು ಬಾರ್ ತಡೆಯುತ್ತದೆ ಎಂದು ಬರೆದಿರುತ್ತಾರೆ, ಓದಿ ನೋಡಿ. ಒತ್ತಡ ಮೀರುವುದಾದರೆ ಮನೆಯ ಹತ್ತಿರ ಒಂದು ಸಣ್ಣ ಟ್ಯಾಂಕಿ ಇಟ್ಟು ಅದರಿಂದ ಗೀಸರಿಗೆ ನೀರು ಕೊಡುವುದು ಸುಲಭದ ದಾರಿ.

ವರ್ಷಕ್ಕೊಮ್ಮೆ ಮಾಡುವ ಕೆಲಸ

ಮಳೆ ಬಿಟ್ಟು ಚಳಿ ಹಿಡಿಯುವ ನವೆಂಬರ್ ತಿಂಗಳು ಇದಕ್ಕೆ ಒಳ್ಳೆಯ ಸಮಯ. ಗಡಸು ನೀರಿನ ಮನೆಯವರು ಮೇ ತಿಂಗಳಲ್ಲಿ ಇನ್ನೊಮ್ಮೆ ಮಾಡಲಿ. ನೀರು ಬಿಟ್ಟು ತೊಳೆಯುವುದನ್ನು ಯಂತ್ರದ ಕೆಲಸ ತುಸು ಬಲ್ಲವರು ಮನೆಯಲ್ಲೇ ಮಾಡಬಹುದು. ಮುಚ್ಚಳ ಬಿಚ್ಚುವುದು, ವಯರು ಮುಟ್ಟುವುದು ವಯರ್‌ಮ್ಯಾನ್ ಕೆಲಸ. ಗ್ಯಾರಂಟಿಯ ಅವಧಿ ಇನ್ನೂ ಮುಗಿಯದಿದ್ದರೆ ಕಂಪೆನಿಯವರನ್ನೇ ಕರೆಸಿ.

1. ಸ್ವಿಚ್ ಆರಿಸಿ, ಪ್ಲಗ್ ಕೀಳಿರಿ. ಪ್ಲಗ್ ಇಲ್ಲದೆ ನೇರ ಜೋಡಿಸಿದ್ದರೆ ಬೋರ್ಡಿನ ಎಂ.ಸಿ.ಬಿ. ಇಳಿಸಿ, ಯಾರೂ ಏರಿಸದಂತೆ ಮನೆಯವರಿಗೆಲ್ಲಾ ಹೇಳಿ. ನೀರು ತಣಿಯಲು ಒಂದು ರಾತ್ರಿ ಬಿಡಿ.

2. ಗೀಸರಿಗೆ ತಣ್ಣೀರು ಬರುವ ವಾಲ್ವ್ ಮುಚ್ಚಿ. ಬಿಸಿನೀರಿನ ನಳ್ಳಿ ತೆರೆದಿಡಿ. ಒಳಗೆ ಗಾಳಿ ಹೋಗಲು ಅದು ಬೇಕು. ಬಿಸಿನೀರಿನ ಕೊಳವೆ ಟ್ಯಾಂಕಿಯ ಮೇಲ್ಭಾಗದಿಂದ ನೀರು ತೆಗೆಯುವುದರಿಂದ ನಳ್ಳಿ ತೆರೆದ ಮಾತ್ರಕ್ಕೆ ಟ್ಯಾಂಕಿ ಖಾಲಿಯಾಗುವುದಿಲ್ಲ.

3. ತಣ್ಣೀರಿನ ಕೊಳವೆಯ ಜೋಡಣೆಯನ್ನು ಬಿಚ್ಚಿ, ಅಥವಾ ನೀರು ಬಿಡುವ ತಿರುಪು ಇದ್ದರೆ ಅದನ್ನು ತೆಗೆದು, ನೀರನ್ನು ಬಕೆಟಿಗೆ ಬಿಡಿ. ಮೋರಿಗೆ ಬಿಡಬೇಡಿ, ಅದನ್ನು ನೋಡಬೇಕು. ಬಿಳಿ ಕಾಳುಗಳಿದ್ದರೆ ಸುಣ್ಣದ ಪದರ. ಕೆಂಪು ಕೆಸರಿದ್ದರೆ ನೀರಿನ ಕಬ್ಬಿಣ ಅಥವಾ ಟ್ಯಾಂಕಿಯ ತುಕ್ಕು. ಬಾವಿಯ ನೀರು ತಿಳಿಯಾಗಿದ್ದೂ ಗೀಸರಿನಿಂದ ಮಾತ್ರ ಕೆಂಪು ಬಂದರೆ ಟ್ಯಾಂಕಿಗೆ ಅಪಾಯ ಹತ್ತಿರವಿದೆ.

4. ಮತ್ತೆ ಅರ್ಧ ಟ್ಯಾಂಕಿ ನೀರು ತುಂಬಿಸಿ ಬಿಡಿ. ಎರಡು ಮೂರು ಸಲ ಹೀಗೆ ಮಾಡಿ, ತಿಳಿ ನೀರು ಬರುವ ತನಕ.

5. ವಯರ್‌ಮ್ಯಾನ್ ಕಾಯಿಲು ಮತ್ತು ಆನೋಡ್ ಹೊರತೆಗೆದು ನೋಡಲಿ. ಕಾಯಿಲಿನ ಬಿಳಿ ಪದರವನ್ನು ಉಳಿಯಿಂದ ಕೆತ್ತಬಾರದು, ಕವಚ ಗಾಯಗೊಳ್ಳುತ್ತದೆ. ಲೋಹದ ಭಾಗವನ್ನು ಮಾತ್ರ ವಿನೆಗರಿನಲ್ಲಿ ಕೆಲವು ಗಂಟೆ ನೆನೆಹಾಕಿ ಮೆದು ಬ್ರಶ್ಶಿನಿಂದ ತಿಕ್ಕಿ ತೊಳೆಯಬೇಕು. ವಯರು ಜೋಡಿಸುವ ತುದಿಗಳಿಗೆ ನೀರು ತಾಗಕೂಡದು. ಪಾಯಿಖಾನೆಯ ಆಸಿಡ್ ಖಂಡಿತ ಬೇಡ. ಕವಚದಲ್ಲಿ ಬಿರುಕು, ಉಬ್ಬು ಕಂಡರೆ ಹೊಸತನ್ನೇ ಹಾಕಿಸಿ. ಮುಚ್ಚುವಾಗ ರಬ್ಬರ್ ಗ್ಯಾಸ್ಕೆಟ್ ಹೊಸತು ಇರಲಿ.

6. ನೀರು ತುಂಬಿಸುವಾಗ ಬಿಸಿನೀರಿನ ನಳ್ಳಿ ತೆರೆದೇ ಇರಲಿ. ಅದರಿಂದ ಗಾಳಿ ಉಗುಳುವುದು ನಿಂತು ಸರಾಗ ನೀರು ಬಂದ ಮೇಲೆ ನಳ್ಳಿ ಮುಚ್ಚಿ. ಎಲ್ಲಿಯೂ ಸೋರುತ್ತಿಲ್ಲ ಎಂದು ನೋಡಿ.

7. ಸೇಫ್ಟಿ ವಾಲ್ವಿನಲ್ಲಿ ಸಣ್ಣ ಹಿಡಿ ಇದ್ದರೆ ಅದನ್ನು ಎತ್ತಿ. ನೀರು ಬರಬೇಕು, ಬಿಟ್ಟೊಡನೆ ನಿಲ್ಲಬೇಕು. ಎರಡರಲ್ಲಿ ಒಂದು ಆಗದಿದ್ದರೂ ವಾಲ್ವ್ ಬದಲಿಸಿ. ಇದೆಲ್ಲಾ ಆದ ಮೇಲೆಯೇ ಕರೆಂಟು ಹಾಕಿ.

ಏಪ್ರಿಲ್, ಮೇ ತಿಂಗಳಲ್ಲಿ ನೀರಿನ ಬರ ಬಂದಾಗ ಒಂದು ಎಚ್ಚರ ಬೇಕು. ಟ್ಯಾಂಕಿಯಲ್ಲಿ ನೀರಿಲ್ಲದೆ ಗೀಸರ್ ಹಾಕಿದರೆ ಕಾಯಿಲು ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಬಿಸಿನೀರಿನ ನಳ್ಳಿ ತಿರುಗಿಸಿ ನೀರು ಬರುತ್ತದೆಂದು ಖಾತ್ರಿಯಾದ ಮೇಲೆ ಸ್ವಿಚ್ ಹಾಕುವ ಅಭ್ಯಾಸವಿರಲಿ.

ಕರೆಂಟಿನ ವಿಷಯ

2000 ವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ರೇಡಿಯೋ, ಫ್ಯಾನಿಗೆಂದು ಇರುವ 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಇದನ್ನು ಸಿಕ್ಕಿಸಬಾರದು. 16 ಆಂಪಿಯರಿನ ಮೂರು ಕಾಲಿನ ಪ್ಲಗ್, 2.5 ಚದರ ಮಿಲಿಮೀಟರಿನ ತಾಮ್ರದ ವಯರು, ಬೋರ್ಡಿನಿಂದ ಪ್ರತ್ಯೇಕ ಲೈನು ಬೇಕು. ಪ್ಲಗ್ ಮುಟ್ಟಿದಾಗ ಸುಡುವಷ್ಟು ಬಿಸಿಯಾಗಿದ್ದರೆ, ಕಪ್ಪಾಗಿದ್ದರೆ, ಕೂಡಲೇ ಬದಲಿಸಿ.

ಅರ್ತ್ ವಯರು ಪ್ಲಗ್ಗಿನಲ್ಲಿ ಇದ್ದರೆ ಸಾಲದು. ಹೊರಗೆ ಅರ್ತ್ ಗುಂಡಿಯ ತನಕ ಅದು ತಲಪಬೇಕು. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ; ಒಣ ನೆಲ ಕರೆಂಟನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಜನವರಿಯಿಂದ ಮಳೆ ಬರುವ ತನಕ ವಾರಕ್ಕೆರಡು ಸಲ ಅರ್ತ್ ಗುಂಡಿಗೆ ಒಂದು ಕೊಡ ನೀರು ಹಾಕಿ. ಅಡಿಕೆ ಗಿಡಕ್ಕೆ ಹಾಕುವಾಗ ಅದಕ್ಕೂ ಒಂದು ಕೊಡ.

ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲೇಬೇಕು. ಕರೆಂಟು ಬೇರೆ ದಾರಿ ಹಿಡಿದು ಸೋರಿದಾಗ ಮನುಷ್ಯನ ಜೀವಕ್ಕೆ ಅಪಾಯವಾಗುವ ಮೊದಲೇ ಲೈನನ್ನು ಕಡಿಯುವುದು ಇದೇ. ಅದರಲ್ಲಿ 'ಟಿ' ಎಂಬ ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಟಕ್ಕೆಂದು ಬೀಳಬೇಕು. ಬೀಳದಿದ್ದರೆ ಅದು ಕೆಟ್ಟಿದೆ. ಪದೇ ಪದೇ ತಾನಾಗಿಯೇ ಬೀಳುತ್ತದೆ ಎಂದು ಅದನ್ನು ತೆಗೆಸಿ ನೇರ ಜೋಡಿಸಿಕೊಂಡವರೂ ಇದ್ದಾರೆ. ನಾಯಿ ಬೊಗಳುತ್ತದೆಂದು ನಾಯಿಯನ್ನು ಓಡಿಸಿ ಕಳ್ಳನನ್ನು ಒಳಗೆ ಬಿಟ್ಟಂತಾಯಿತು.

ಎಲ್ಲಾ ಸರಿಯಿದ್ದರೂ ಸ್ನಾನಕ್ಕೆ ಇಳಿಯುವ ಮೊದಲು ಸ್ವಿಚ್ ಆರಿಸಿ. ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ. ಬಕೆಟಿಗೆ ಇಳಿಸುವ ರಾಡ್ ಬಳಸುವವರು, ಪ್ಲಗ್ ಕಿತ್ತ ನಂತರವೇ ನೀರಿಗೆ ಕೈ ಹಾಕಿ.

ಎಷ್ಟು ಬಿಸಿ ಸಾಕು?

60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೂ ಸುಮಾರು 5 ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ. ಮಕ್ಕಳ, ವೃದ್ಧರ ಚರ್ಮ ತೆಳು, ಇನ್ನೂ ಬೇಗ ಸುಡುತ್ತದೆ. ಬಕೆಟಿಗೆ ಯಾವಾಗಲೂ ಮೊದಲು ತಣ್ಣೀರು ಬಿಟ್ಟು ಮೇಲೆ ಬಿಸಿನೀರು ಬೆರೆಸಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರು ಮೊಣಕೈಯಿಂದ ನೀರನ್ನು ನೋಡಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ಎಣ್ಣೆ ಯಾವುದೂ ಬೇಡ. ಬೊಕ್ಕೆ ಎದ್ದರೆ ಆಸ್ಪತ್ರೆಗೆ ಹೋಗಿ.

ಹಾಗಾದರೆ 40 ಡಿಗ್ರಿಗೆ ಇಳಿಸಿ ಇಡೋಣವೇ? ಅದೂ ಸರಿಯಲ್ಲ. 1976ರಲ್ಲಿ ಅಮೇರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಹಲವರು ವಿಚಿತ್ರ ನ್ಯುಮೋನಿಯಾದಿಂದ ಸತ್ತರು. ಮರುವರ್ಷ ಅದರ ರೋಗಾಣುವನ್ನು ಗುರುತಿಸಿ ಲೀಜಿಯೊನೆಲ್ಲಾ ಎಂದು ಕರೆದರು. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಅದು ಬೆಳೆಯುತ್ತದೆ. 60 ಡಿಗ್ರಿಯಲ್ಲಿ ಸಾಯುತ್ತದೆ. ಕುಡಿದು ಬರುವ ರೋಗವಲ್ಲ, ಶವರಿನ ಸಣ್ಣ ತುಂತುರನ್ನು ಉಸಿರಾಡಿದಾಗ ಬರುವಂಥದ್ದು. ದಿನಾ ಬಳಸುವ ಮನೆಗಳಲ್ಲಿ ಹೆದರಬೇಕಾಗಿಲ್ಲ. ಆದರೆ ಮಕ್ಕಳು ಗಲ್ಫಿನಲ್ಲಿದ್ದು ವರ್ಷದಲ್ಲಿ ಹನ್ನೊಂದು ತಿಂಗಳು ಮುಚ್ಚಿರುವ ಮಹಡಿಯ ಬಚ್ಚಲುಗಳು ನಮ್ಮಲ್ಲಿ ಎಷ್ಟಿಲ್ಲ? ಅವರು ರಜೆಗೆ ಬರುವ ಮೊದಲು ಆ ಗೀಸರಿನ ಹಳೆಯ ನೀರನ್ನು ಪೂರ್ತಿ ಬಿಟ್ಟು, ಹೊಸ ನೀರು ತುಂಬಿಸಿ, 60 ಡಿಗ್ರಿಗೆ ಕಾಯಿಸಿ, ಕಿಟಕಿ ತೆರೆದಿಟ್ಟು ಕೆಲವು ನಿಮಿಷ ನಳ್ಳಿ ಹರಿಯಬಿಡಿ. ಥರ್ಮೋಸ್ಟಾಟ್ 60ರ ಸುಮಾರಿಗೆ ಇರಲಿ, ಬೆರೆಸುವುದರಲ್ಲಿ ಎಚ್ಚರವಿರಲಿ.

ಗ್ಯಾಸ್, ಸೋಲಾರ್, ಹಂಡೆ ಇರುವವರಿಗೆ

ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಇಡಲೇಬಾರದು. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದು ಗಾಳಿ ಸಾಲದಾದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಬಂದು, ಬಾಗಿಲು ತೆರೆಯುವ ಶಕ್ತಿ ಉಡುಗಿ ಮನುಷ್ಯ ಅಲ್ಲೇ ಬೀಳುತ್ತಾನೆ. ಯಂತ್ರವನ್ನು ಹೊರಗಿನ ಗೋಡೆಗೆ ಹಾಕಿಸಿ, ನೀರಿನ ಕೊಳವೆ ಮಾತ್ರ ಒಳಗೆ ಬರಲಿ. ಉರಿ ನೀಲಿಯಾಗಿರಬೇಕು; ಹಳದಿಯಾದರೆ ಬರ್ನರ್ ಶುಚಿ ಮಾಡಿಸಿ.

ಸೋಲಾರ್ ಇರುವವರು ಮಳೆ ಬಿಟ್ಟ ಮೇಲೆ ಗಾಜಿನ ಪಾಚಿ, ಬೇಸಿಗೆಯಲ್ಲಿ ಧೂಳು ತೊಳೆಯಿರಿ. ಬೆಳಗ್ಗಿನ ತಂಪಿನಲ್ಲಿ ತೊಳೆಯಬೇಕು. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರಿಯಬಹುದು. ಅದರ ಟ್ಯಾಂಕಿಯ ತಳದ ಕೆಸರನ್ನೂ ವರ್ಷಕ್ಕೊಮ್ಮೆ ಬಿಡಬೇಕು.

ಹಂಡೆಯ ಒಲೆಯನ್ನು ಇನ್ನೂ ಉಳಿಸಿಕೊಂಡವರು ಹೊಗೆಗೊಳವೆಯ ಮಸಿಯನ್ನು ಮಳೆಗಾಲಕ್ಕೆ ಮೊದಲು ತೆಗೆಸಿ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ತೊಟ್ಟೆ ಸುಡಬೇಡಿ, ಅದರ ಹೊಗೆ ವಿಷ. ಬೂದಿಯಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಅಂಶವಿದೆ. ನಮ್ಮ ಹುಳಿ ಮಣ್ಣಿನ ತೆಂಗಿನ ಬುಡಕ್ಕೆ ಅದು ಒಳ್ಳೆಯದು.

ಕೊನೆಯದಾಗಿ

ಆ ಮನೆಯಲ್ಲಿ ಈಗ ಹೊಸ ಕಾಯಿಲು, ಹೊಸ ಪ್ಲಗ್ ಬಂದಿದೆ, ಅರ್ತ್ ಸರಿಯಾಗಿದೆ, ಬೋರ್ಡಿನಲ್ಲಿ ಆರ್.ಸಿ.ಸಿ.ಬಿ. ಕೂತಿದೆ. ಯಜಮಾನರು ಗೀಸರಿನ ಬದಿಯಲ್ಲಿ ತೊಳೆದ ತಾರೀಕು ಬರೆದ ಚೀಟಿ ಅಂಟಿಸಿದ್ದಾರೆ. ಇದು ಎಲ್ಲರೂ ಅನುಸರಿಸಬಹುದಾದ ಒಳ್ಳೆಯ ಕ್ರಮ. ಮೊನ್ನೆ ಹೋದಾಗ ಅಜ್ಜಿ, "ನಳ್ಳಿಯ ಜೀವ ಹೋಯಿತು ಫಾದರ್" ಎಂದರು. "ನಿಮ್ಮ ಮೊಮ್ಮಕ್ಕಳ ಜೀವ ಉಳಿಯಿತು ಅಜ್ಜಿ" ಎಂದೆ.

ಒಂಟಿಯಾಗಿರುವ ಹಿರಿಯರ ಮನೆಗಳಲ್ಲಿ ಇದನ್ನು ಯಾರು ನೋಡಬೇಕು? ಪ್ರತಿಯೊಂದು ವಾಳೆಯಲ್ಲೂ ವಯರಿಂಗ್ ಬಲ್ಲ ಒಬ್ಬಿಬ್ಬರು ಯುವಕರಿದ್ದಾರೆ. ಗುರಿಕಾರರು ಅವರನ್ನು ಕರೆದುಕೊಂಡು ಈ ನವೆಂಬರಿನಲ್ಲಿ ಅಂಥ ಮನೆಗಳಿಗೆ ಒಮ್ಮೆ ಹೋಗಿಬರಲಿ. ಪ್ಲಗ್ಗಿನಲ್ಲಿ ಅರ್ತ್ ಇದೆಯೇ, 'ಟಿ' ಗುಂಡಿ ಬೀಳುತ್ತದೆಯೇ, ವಾಲ್ವಿನ ಬಾಯಿ ತೆರೆದಿದೆಯೇ ಎಂಬ ಮೂರನ್ನು ನೋಡಲು ಒಂದು ಮನೆಗೆ ಅರ್ಧ ಗಂಟೆ ಸಾಕು. ಈ ಅಂಕಣ ಓದಿ ಮುಗಿಸಿದ ಮೇಲೆ ನೀವೂ ಎದ್ದು ಹೋಗಿ ನಿಮ್ಮ ಮನೆಯ ಆ ಮೂರನ್ನು ಇವತ್ತೇ ನೋಡಿ.